ಕೊಲೆಗಾರನಿಗೆ ಸನ್ಮಾನ

ನಮ್ಮೂರಿನಲ್ಲಿ ಪೊಲೀಸ್ ಕೆಲಸಕ್ಕೆ ಬುದ್ಧಿ ಬೇಕಿಲ್ಲ, ಕಿವಿ ಇದ್ದರೆ ಸಾಕು. ಯಾರದೋ ಮನೆಯ ಕೋಳಿ ಕಳುವಾಯಿತು ಅನ್ನಿ. ಅನುಮಾನ ಇದ್ದವನನ್ನು ಸ್ಟೇಷನ್ನಿಗೆ ಕರೆಸಿ, ಬೆಂಚಿನ ಮೇಲೆ ಕೂರಿಸಿ, "ಕೋಳಿ ಕದ್ದವನು ನೀನೇನಾ?" ಎಂದು ಕೇಳುತ್ತೇನೆ. "ದೇವರಾಣೆ ನಾನಲ್ಲ ಸಾಹೇಬ್ರೆ" ಅನ್ನುತ್ತಾನೆ. ಅಂದ ಮರುಕ್ಷಣ ಬಿಕ್ಕುತ್ತಾನೆ. ಅಲ್ಲಿಗೆ ತನಿಖೆ ಮುಗಿಯಿತು. ಸುಳ್ಳು ಹೇಳಿದರೆ ನಮ್ಮೂರಿನವರಿಗೆ ಬಿಕ್ಕಳಿಕೆ ಬರುತ್ತದೆ, ಅಷ್ಟೇ. ಹೊರಗಿನಿಂದ ಬಂದವರಿಗೆ ಈ ತೊಂದರೆ ಇಲ್ಲ. ನಾನು, ಸಬ್ ಇನ್ಸ್‌ಪೆಕ್ಟರ್ ರೇವಣಸಿದ್ದಯ್ಯ, ಇಲ್ಲೇ ಹುಟ್ಟಿ ಇಲ್ಲೇ ನೌಕರಿ ಮಾಡಿದವನು. ಪೊಲೀಸ್ ತರಬೇತಿಯಲ್ಲಿ ಬೆರಳಚ್ಚು ಎತ್ತುವುದನ್ನು ಕಲಿತಿದ್ದೆ. ಊರಿಗೆ ಬಂದ ಮೇಲೆ ಅದಕ್ಕೆಂದು ಕೊಟ್ಟಿದ್ದ ಪುಡಿಯ ಡಬ್ಬಿಯನ್ನು ನನ್ನ ಹೆಂಡತಿ ಕಸ್ತೂರಿ ಕೇರಂ ಬೋರ್ಡಿಗೆ ಹಾಕಿ ಮುಗಿಸಿದಳು.

ಹೀಗಿರುವುದರಿಂದ ನಮ್ಮ ಜನಕ್ಕೆ ಮಾತಿನಲ್ಲಿ ತಪ್ಪಿಸಿಕೊಂಡು ಓಡಾಡುವ ಅಭ್ಯಾಸ ಬೆಳೆದಿದೆ. "ಪಾಯಸ ಹೆಂಗೈತಿ?" ಎಂದು ಕೇಳಿದರೆ "ಹಾಲು ಯಾರ ಮನೇದು?" ಎಂದು ತಿರುಗಿ ಕೇಳುತ್ತಾರೆ. ಹೆಣ್ಣು ನೋಡಲು ಹೋದ ಕಡೆ ಎರಡೂ ಕಡೆಯವರು ಹವಾಮಾನದ ಬಗ್ಗೆ ಮಾತಾಡಿ ಎದ್ದುಬರುತ್ತಾರೆ. ಸಾವಿನ ಮನೆಯಲ್ಲಿ 'ಬಂಗಾರದಂಥ ಮನುಷ್ಯ' ಎಂದು ಯಾರೂ ಬಾಯಿ ತಪ್ಪಿಯೂ ಅನ್ನುವುದಿಲ್ಲ. ಹೆಣದ ಎದುರು ಕೂತು ಬಿಕ್ಕಿದರೆ ಏನು ಮರ್ಯಾದೆ? 'ಒಳ್ಳೇ ಎತ್ತರ ಇದ್ರು' ಅನ್ನುತ್ತಾರೆ. ಕುಳ್ಳಗಿದ್ದವರು ಸತ್ತರೆ ಸುಮ್ಮನೆ ಕೂತು ಬರುತ್ತಾರೆ.

ಇಂಥ ಊರಿಗೆ 'ಕಪ್ಪು ಕೊಡೆಯ ಕೊಲೆಗಾರ' ಎಂಬ ಸಿನಿಮಾ ಬಂತು. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲ. ಯಾವುದೋ ಊರಿಗೆ ಹೋಗಬೇಕಾಗಿದ್ದ ಫಿಲ್ಮ್ ಡಬ್ಬಗಳು ತಪ್ಪಿ ಮಹತಾಬ್ ಟಾಕೀಸಿಗೆ ಬಂದಿಳಿದವಂತೆ. ವಾಪಸು ಕೇಳಿಕೊಂಡು ಯಾರೂ ಬರಲಿಲ್ಲ. ಸಿನಿಮಾ ನೋಡಿದರೆ ಯಾಕೆ ಬರಲಿಲ್ಲ ಎಂಬುದು ಗೊತ್ತಾಗುತ್ತದೆ. ಟಾಕೀಸಿನ ಈಗಿನ ಮಾಲೀಕ ವಹಾಬ್ ಸಾಹೇಬರು ಬೇರೆ ದಿನ ಬೇರೆ ಏನಾದರೂ ಹಾಕುತ್ತಾರೆ. ಭಾನುವಾರ ಮಧ್ಯಾಹ್ನ ಮಾತ್ರ ಇದೇ.

ಅದನ್ನು ತೆಗೆದವರ ಕೈಯಲ್ಲಿ ಏನೂ ಇರಲಿಲ್ಲ ಎಂಬುದು ಮೊದಲ ದೃಶ್ಯದಲ್ಲೇ ಕಾಣುತ್ತದೆ. ಪತ್ತೇದಾರ ತರ್ಕರಾಜ್ ಬಾಗಿಲನ್ನು ಧಡಾರನೆ ಹಾಕಿದರೆ ಗೋಡೆಯ ಜೊತೆಗೆ ಕಿಟಕಿಯಾಚೆಯ ಗುಡ್ಡವೂ ಅಲ್ಲಾಡುತ್ತದೆ. ಕಥೆಗೆಲ್ಲ ಒಂದೇ ಕಾರು. ಜಮೀನ್ದಾರ ರಾಯಬಹಾದ್ದೂರರು ಬಂದಿಳಿಯುವುದೂ ಅದರಲ್ಲೇ, ಊಟಕ್ಕಿಲ್ಲದ ಅವರ ಗುಮಾಸ್ತ ಬರುವುದೂ ಅದರಲ್ಲೇ. ರಾತ್ರಿಯ ದೃಶ್ಯಗಳನ್ನೆಲ್ಲ ಮಟಮಟ ಮಧ್ಯಾಹ್ನ ತೆಗೆದಿದ್ದಾರೆ. ತರ್ಕರಾಜ್ ಟಾರ್ಚ್ ಹಿಡಿದು ಕತ್ತಲಲ್ಲಿ ತಡಕಾಡುವಾಗ ಅವನ ನೆರಳು ಕಾಲಡಿಯಲ್ಲಿ ಮುದುರಿ ಕೂತಿರುತ್ತದೆ. ಜಮೀನ್ದಾರರ ಹೆಣದ ಮುಖವನ್ನು ಕ್ಯಾಮೆರಾ ತುಂಬಾ ಹೊತ್ತು ಹತ್ತಿರದಿಂದ ತೋರಿಸುತ್ತದೆ, ಬಹುಶಃ ಹೆಣಕ್ಕೆ ಮಾತಿಲ್ಲ, ತಪ್ಪುವ ಭಯವಿಲ್ಲ ಎಂದು. ಆಗ ಒಂದು ನೊಣ ಬಂದು ಹೆಣದ ಮೂಗಿನ ಮೇಲೆ ಕೂರುತ್ತದೆ, ಹೆಣ ಮೂಗು ಅಲ್ಲಾಡಿಸುತ್ತದೆ. ಮತ್ತೆ ತೆಗೆಯಲು ಫಿಲ್ಮ್ ಇರಲಿಲ್ಲವೇನೋ, ಹಾಗೇ ಬಿಟ್ಟಿದ್ದಾರೆ.

ಆದರೂ ಟಾಕೀಸು ತುಂಬುತ್ತಿತ್ತು. ಕೊಲೆಗಾರ ಯಾರೆಂದು ಎಳೆಗೂಸಿಗೂ ಗೊತ್ತು: ವಕೀಲ ಮಾರ್ತಾಂಡ, ಕಪ್ಪು ಕನ್ನಡಕ, ಅಂಟಿಸಿದ ಗಡ್ಡ. ಜನ ಬರುತ್ತಿದ್ದದ್ದು ಒಂದು ದೃಶ್ಯಕ್ಕೆ. ತರ್ಕರಾಜ್ ಅವನತ್ತ ಬೆರಳು ಚಾಚಿ, "ಕೊಲೆಯಾದ ದಿನ ನೀವೆಲ್ಲಿದ್ದಿರಿ?" ಎಂದು ಕೇಳುತ್ತಾನೆ. ಮಾರ್ತಾಂಡ ಚಹಾದ ಕಪ್ಪು ಕೈಗೆತ್ತಿಕೊಂಡು, "ನಾನು ಊರಲ್ಲೇ ಇರಲಿಲ್ಲ" ಅನ್ನುತ್ತಾನೆ. ಟಾಕೀಸಿಗೆ ಟಾಕೀಸೇ ಕಿವಿ ನೆಟ್ಟಗೆ ಮಾಡಿ ಕಾಯುತ್ತದೆ. ಬಿಕ್ಕಳಿಕೆ ಬರುವುದಿಲ್ಲ. ಮಾರ್ತಾಂಡ ಚಹಾ ಹೀರುತ್ತಾನೆ. ಆಗ ನೋಡಬೇಕು ಸೀಟಿ, ಚಪ್ಪಾಳೆ! ನಮ್ಮ ಜನ ಸರ್ಕಸ್ಸಿನಲ್ಲಿ ತಂತಿಯ ಮೇಲೆ ನಡೆಯುವವಳನ್ನೂ ಅಷ್ಟು ಮೆಚ್ಚಿಕೊಂಡಿರಲಿಲ್ಲ.

ನನಗೆ ಆ ಸಿನಿಮಾದ ಪೆದ್ದ ಇನ್ಸ್‌ಪೆಕ್ಟರ್ ಮೇಲೆ ಹೊಟ್ಟೆಕಿಚ್ಚು. ಪ್ರತಿ ಸಲ ತಪ್ಪು ಮನುಷ್ಯನನ್ನು ಹಿಡಿದುಕೊಂಡು ಬಂದು ತರ್ಕರಾಜನ ಕೈಲಿ ಬೈಸಿಕೊಳ್ಳುತ್ತಾನೆ. ತಪ್ಪು ಮಾಡುವ ಅವಕಾಶವಾದರೂ ಅವನಿಗಿದೆಯಲ್ಲ.

ಪುರಸಭೆಗೆ ಚನ್ನಮಲ್ಲಪ್ಪನವರು ಅಧ್ಯಕ್ಷರಾದ ಮೇಲೆ ಟಾಕೀಸಿಗೆ ಕುತ್ತು ಬಂತು. ಆ ಸಿನಿಮಾ ಜನಕ್ಕೆ ಸುಳ್ಳು ಕಲಿಸುತ್ತದೆ, ಲೈಸೆನ್ಸ್ ಮುಂದುವರಿಸಬಾರದು ಎಂದು ಅವರ ವಾದ. ಅದನ್ನವರು ಬಿಕ್ಕದೆ ಹೇಳಿದ್ದರಿಂದ ಅವರ ನಂಬಿಕೆ ಪ್ರಾಮಾಣಿಕವೆಂದು ಒಪ್ಪಲೇಬೇಕಾಯಿತು. ವಹಾಬ್ ಸಾಹೇಬರಿಗೆ ಬೇರೆ ದಾರಿ ಕಾಣಲಿಲ್ಲ. ಮಾರ್ತಾಂಡನ ಪಾತ್ರ ಮಾಡಿದ ನಟ ಚಿತ್ತರಂಜನ್ ಅವರನ್ನೇ ಕರೆಸಿ, ಟಾಕೀಸಿನಲ್ಲಿ ಸನ್ಮಾನ ಮಾಡಿ, ಅಧ್ಯಕ್ಷರ ಕೈಯಿಂದಲೇ ಹಾರ ಹಾಕಿಸಿದರೆ ಅವರ ಮನಸ್ಸು ಕರಗಬಹುದು ಎಂದುಕೊಂಡರು. ಹಳೆಯ ಪೋಸ್ಟರಿನಲ್ಲಿದ್ದ ಕಂಪನಿಯ ವಿಳಾಸಕ್ಕೆ ಆಹ್ವಾನ ಕಳಿಸಿದರು. ಉತ್ತರ ಬರಲಿಲ್ಲ. ಮನುಷ್ಯನೇ ಬಂದ.

ಬಸ್ಸಿನಿಂದ ಇಳಿದದ್ದು ತೆಳ್ಳನೆಯ, ಬೆನ್ನು ಬಾಗಿದ ಮುದುಕ. ಕೈಯಲ್ಲೊಂದು ಬಟ್ಟೆಯ ಚೀಲ. ಗಡ್ಡವಿಲ್ಲ, ಕಪ್ಪು ಕನ್ನಡಕವಿಲ್ಲ. "ನಾನೇ ಚಿತ್ತರಂಜನ್" ಎಂದ. ನೆರೆದವರು ಕಿವಿಗೊಟ್ಟು ಕಾದರು. ಬಿಕ್ಕಲಿಲ್ಲ. ಸೀಟಿ ಬಿತ್ತು. ಪ್ರವಾಸಿ ಬಂಗಲೆಯಲ್ಲಿ ಅವನನ್ನು ಇಳಿಸಿದರು. ಸನ್ಮಾನಕ್ಕೆ ಇನ್ನೂ ಕೆಲವು ದಿನ ಇದ್ದವು.

ಮಾರನೆಯ ದಿನ ಹೈಸ್ಕೂಲಿನ ಸಂಗೀತದ ಟೀಚರ್ ಪದ್ಮಾಕ್ಷಿ ಬಂಗಲೆಗೆ ಹೋದರು. ಅವರ ಕಂಠದ ಬಗ್ಗೆ ನಾನೇನೂ ಹೇಳುವುದಿಲ್ಲ. ಇಷ್ಟು ವರ್ಷಗಳಲ್ಲಿ ಅವರು ಹಾಡಿ ಮುಗಿಸಿದಾಗಲೆಲ್ಲ ಜನ 'ಸೀರೆ ಎಲ್ಲಿ ತಗೊಂಡ್ರಿ ಟೀಚರ್?' ಎಂದು ಕೇಳಿಕೊಂಡು ಬಂದಿದ್ದಾರೆ. ಅವರು ಅವನೆದುರು ಒಂದು ಕೀರ್ತನೆ ಹಾಡಿದರು. ಮುದುಕ ಕಣ್ಣು ಮುಚ್ಚಿ ಕೇಳಿ, "ಸಿನಿಮಾದಲ್ಲಿ ಹಾಡೋರನ್ನ ಬೇಕಾದಷ್ಟು ಕೇಳೀನಿ ತಾಯಿ. ನಿಮ್ಮ ದನೀಲಿ ಇರೋದು ಅವರಲ್ಲಿ ಇಲ್ಲ" ಎಂದ. ಟೀಚರ್ ಅಲ್ಲೇ ಅತ್ತುಬಿಟ್ಟರಂತೆ. ಅವತ್ತಿನಿಂದ ಅವರ ಬೀದಿಯವರಿಗೆ ಬೆಳಗಿನ ನಿದ್ದೆ ಇಲ್ಲ.

ಸುದ್ದಿ ಹಬ್ಬಿತು. ಬಂಗಲೆಯ ಮುಂದೆ ಜನ ಸಾಲುಗಟ್ಟಿದರು. ಕವಿತೆ ಬರೆಯುವವರು ಬಂದರು, ಅಡುಗೆ ಮಾಡುವವರು ಡಬ್ಬಿ ಹಿಡಿದು ಬಂದರು, ಮುಖ ತೋರಿಸಲೆಂದೇ ಕೆಲವರು ಬಂದರು. ಹೊರಗಿನವನು, ಅದರಲ್ಲೂ ಸುಳ್ಳು ಹೇಳುವುದರಲ್ಲೇ ಹೆಸರಾದವನು, ಅವನ ಮಾತನ್ನು ನಂಬಬಾರದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಬಿಕ್ಕಳಿಕೆ ಬಾರದ ಮಾತೆಲ್ಲ ನಿಜ ಎಂದು ಒಪ್ಪಿಕೊಂಡು ಬೆಳೆದ ಕಿವಿ, ತಲೆ ಹೇಳಿದ್ದನ್ನು ಕೇಳಬೇಕಲ್ಲ!

ಬಡಗಿ ಸಂಕಪ್ಪ ಎಲ್ಲರೂ ಹೋದ ಮೇಲೆ ಬಂದ. ಅವನ ತಮ್ಮ ಭರಮಪ್ಪ ಮನೆ ಭಾಗವಾಗುವಾಗ ಜಗಳವಾಡಿಕೊಂಡು ಊರು ಬಿಟ್ಟು, ಆ ಸಿನಿಮಾದವರ ನಗರಕ್ಕೇ ಹೋಗಿ, ಅಲ್ಲೇ ತೀರಿಕೊಂಡಿದ್ದ. ಸುದ್ದಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಸಂಕಪ್ಪ ಉಳಿ ಮುಟ್ಟಿರಲಿಲ್ಲ. ಆಗ ನಾನೂ ಬಂಗಲೆಯಲ್ಲೇ ಇದ್ದೆ. ಸಂಕಪ್ಪ ಟವೆಲ್ ಹಿಂಡುತ್ತಾ ಕೇಳಿದ: "ನಿಮ್ಮೂರಾಗೆ ಭರಮಪ್ಪ ಅಂತ, ಮರಗೆಲಸದವನು, ಎಡಗಣ್ಣು ಸ್ವಲ್ಪ ಓರೆ... ಎಲ್ಲಾದ್ರೂ ನೋಡಿದ್ರಾ?" ಮುದುಕ ಅವನ ಮುಖವನ್ನೇ ನೋಡುತ್ತಾ ಕೂತ. ಆಮೇಲೆ, "ನೋಡಿದ್ದೆ. ನಮ್ಮ ಕಡೆ ಕೆಲಸಕ್ಕೆ ಬರ್ತಿದ್ದ. ಅಣ್ಣ ಅಣ್ಣ ಅಂತಿದ್ದ" ಎಂದ. ಸಂಕಪ್ಪ ಕಿವಿಗೊಟ್ಟು ಕಾದ. ಏನೂ ಬರಲಿಲ್ಲ. ಅವನು ಕೈಮುಗಿದು ಹೋದ. ಮಾರನೆಯ ದಿನ ಅವನ ಮನೆಯಿಂದ ಗರಗಸದ ಸದ್ದು ಕೇಳಿತು. ಸನ್ಮಾನಕ್ಕೆ ಕುರ್ಚಿ ಮಾಡುತ್ತಿದ್ದ.

ಅಷ್ಟರಲ್ಲಿ ಅಧ್ಯಕ್ಷರು ನನ್ನನ್ನು ಕರೆಸಿದರು. "ಸಿದ್ದಯ್ಯನವರೆ, ಈ ಮನುಷ್ಯ ಚಿತ್ತರಂಜನ್ ಅನ್ನೋದಕ್ಕೆ ಆಧಾರ ಏನು?"

"ಅವನೇ ಹೇಳಿದಾನಲ್ಲ ಸರ್."

"ಹೊರಗಿನವನು ಏನು ಬೇಕಾದ್ರೂ ಹೇಳ್ತಾನೆ. ತನಿಖೆ ಮಾಡ್ರಿ. ಸನ್ಮಾನದ ದಿನ ವೇದಿಕೆ ಮೇಲೆ, ಜನದ ಮುಂದೆ ನಿಮ್ಮನ್ನೇ ಕೇಳ್ತೀನಿ. ಮೋಸಗಾರ ಅಂತಾದ್ರೆ ಅವನೂ ಹೊರಗೆ, ಟಾಕೀಸೂ ಬಂದ್."

ಕರ್ತವ್ಯದ ಮಾತು ಬೇರೆ, ನಿಜ ಹೇಳಬೇಕೆಂದರೆ ನನಗೆ ಆದದ್ದು ಸಂತೋಷ. ತಲೆಗೆ ಬಿಳಿ ಕೂದಲು ಬಂದ ಮೇಲೆ ನನ್ನ ಮೊದಲನೆಯ ಕೇಸು! ಮನೆಗೆ ಬಂದವನೇ ಬೀರು ತಡಕಾಡಿ, ಮದುವೆಯಲ್ಲಿ ಮಾವ ಕೊಟ್ಟಿದ್ದ ಕೋಟು ಹೊರಗೆ ತೆಗೆದೆ. ತರ್ಕರಾಜ್ ಎಂಥ ಸೆಕೆಯಲ್ಲೂ ಕೋಟು ಬಿಚ್ಚುವುದಿಲ್ಲ.

"ಬಿಸಿಲಾಗೆ ಕೋಟ್ ಹಾಕ್ಕೊಂಡು ಎಲ್ಲಿಗ್ರಿ?" ಎಂದಳು ಕಸ್ತೂರಿ.

"ಎಲ್ಲಿಗೂ ಇಲ್ಲ" ಎಂದೆ. ಬಿಕ್ಕಿದೆ.

"ಏನೋ ಪತ್ತೆ ಮಾಡೋಕೆ ಹೊಂಟೀರಿ."

"ಇಲ್ಲಮ್ಮ." ಇನ್ನೊಂದು.

"ನೀರು ಕುಡಿದು ಹೋಗ್ರಿ" ಎಂದು ಚೊಂಬು ಕೊಟ್ಟಳು. ಗುಟ್ಟಾಗಿ ತನಿಖೆ ಮಾಡುವುದು ನಮ್ಮೂರಿನಲ್ಲಿ ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಬಂಗಲೆಯ ಸುತ್ತ ಹೆಜ್ಜೆಗುರುತು ಹುಡುಕಿದೆ. ಊರಿನವರೆಲ್ಲರ ಗುರುತೂ ಇತ್ತು. ಸಿನಿಮಾದ ಸುದ್ದಿ ತೆಗೆದು ಮಾತಿಗೆಳೆದೆ. ಮಾರ್ತಾಂಡನ ಮಾತುಗಳನ್ನೆಲ್ಲ ಮುದುಕ ಗಡಗಡ ಒಪ್ಪಿಸಿದ. ಆದರೆ ಗುಮಾಸ್ತನ ಮಾತನ್ನೂ ಒಪ್ಪಿಸಿದ, ತರ್ಕರಾಜನದನ್ನೂ ಒಪ್ಪಿಸಿದ. ಇದರಿಂದ ಏನು ಸಾಬೀತಾಗುತ್ತದೆ? ನಮ್ಮೂರಿನ ಮಕ್ಕಳೂ ಒಪ್ಪಿಸುತ್ತವೆ. ಬೆರಳಚ್ಚು ತೆಗೆಯೋಣವೆಂದರೆ ಪುಡಿ ಇಲ್ಲ. ಇದ್ದರೂ ಯಾವುದಕ್ಕೆ ಹೋಲಿಸುವುದು? ಕೋಟಿನೊಳಗೆ ಬೆಂದುಹೋದೆ. ತರ್ಕರಾಜನಿಗೆ ಪ್ರತಿಯೊಂದು ಕಡೆಯೂ ಒಂದು ಗುಂಡಿಯೋ ಹರಿದ ಟಿಕೆಟ್ಟೋ ಬಿದ್ದು ಸಿಗುತ್ತಿತ್ತು. ನನಗೆ ಸಿಕ್ಕಿದ್ದು ಪದ್ಮಾಕ್ಷಿ ಟೀಚರ್ ಮರೆತುಹೋದ ಕೊಡೆ.

ಸನ್ಮಾನದ ಹಿಂದಿನ ದಿನ ಮಧ್ಯಾಹ್ನ, ಸೋತು, ಕೋಟನ್ನು ತೋಳಿಗೆ ಹಾಕಿಕೊಂಡು ಬಂಗಲೆಯ ಜಗಲಿ ಹತ್ತಿದೆ. ಮುದುಕ ಉಂಡು ಬೆಂಚಿನ ಮೇಲೆ ಅಂಗಾತ ನಿದ್ದೆ ಹೋಗಿದ್ದ. ಎಬ್ಬಿಸುವುದೋ ಬೇಡವೋ ಎಂದು ನೋಡುತ್ತಾ ನಿಂತೆ. ಒಂದು ನೊಣ ಹಾರಾಡಿ ಬಂದು ಅವನ ಮೂಗಿನ ಮೇಲೆ ಕೂತಿತು. ನಿದ್ದೆಯಲ್ಲೇ ಅವನ ಎಡ ಹೊಳ್ಳೆ ಕಣ್ಣಿನತ್ತ ಸರಕ್ಕನೆ ಏರಿತು, ಎರಡು ಸಲ ನಡುಗಿತು, ಇಳಿಯಿತು.

ಆ ಮುಖವನ್ನು ನಾನು ಅದೆಷ್ಟು ಭಾನುವಾರ ನೋಡಿದ್ದೇನೋ! ಇಡೀ ಸಿನಿಮಾದಲ್ಲಿ ಅಷ್ಟು ಹತ್ತಿರದಿಂದ ತೋರಿಸಿದ ಮುಖ ಬೇರೆ ಇಲ್ಲ. ಆದರೂ ಊರಿಗೆ ಊರೇ ನೊಣವನ್ನು ನೋಡಿತ್ತು, ಮುಖವನ್ನು ನೋಡಿರಲಿಲ್ಲ.

"ರಾಯಬಹಾದ್ದೂರ್!" ಎಂದೆ. ನನಗರಿವಿಲ್ಲದೆ ಬೆರಳು ಚಾಚಿದ್ದೆ, ಥೇಟ್ ತರ್ಕರಾಜನ ಹಾಗೆ.

ಮುದುಕ ಧಡಕ್ಕನೆ ಎದ್ದು ಕೂತ. ಬೆವರುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಹಬ್ಬದ ಮನೆಯಂತೆ ಬೆಳಗಿತು. "ಗುರುತು ಸಿಕ್ತಾ?" ಎಂದ. "ನಿಜವಾಗ್ಲೂ ಗುರುತು ಸಿಕ್ತಾ ಸಾಹೇಬ್ರೆ? ಇವತ್ತಿನವರೆಗೂ ಒಬ್ಬರೂ... ನನ್ನ ಹೆಂಡತೀನೇ ನಂಬಲಿಲ್ಲ. ಅದು ನೀವಲ್ಲ, ಯಾರೋ ಸತ್ತವರು ಅಂದ್ಲು."

ಅವನ ಹೆಸರು ಓಬಳೇಶ. ಕಂಪನಿಯಲ್ಲಿ ದರ್ಜಿಯಾಗಿದ್ದ. ಜಮೀನ್ದಾರನ ಪಾತ್ರದವನು ಓಡಾಡುವ ದೃಶ್ಯಗಳನ್ನು ಬೆನ್ನು ತೋರಿಸಿಕೊಂಡೇ ಮುಗಿಸಿ, ಹೆಣವಾಗುವ ದಿನ ಬರಲೇ ಇಲ್ಲವಂತೆ. ಅಂಗಿಯ ಅಳತೆ ಸರಿಹೋದದ್ದು ಅದನ್ನು ಹೊಲಿದವನಿಗೆ. "ಮಲಕ್ಕೋ ಅಂದ್ರು. ಉಸಿರು ಬಿಡಬೇಡ ಅಂದ್ರು. ಎಷ್ಟು ಹೊತ್ತು ಅಂತ ಹೇಳಲಿಲ್ಲ." ಚಿತ್ತರಂಜನ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕಂಪನಿ ಮುಚ್ಚಿತ್ತು. ಅದರ ಹಿಂದಿನ ಕೋಣೆಯಲ್ಲಿ ಓಬಳೇಶ ಇನ್ನೂ ಹೊಲಿಗೆ ಹಾಕಿಕೊಂಡಿದ್ದ. ಆಹ್ವಾನ ಅವನ ಕೈಗೆ ಬಂತು. "ಸಿನಿಮಾ ನೋಡ್ತೀವಿ, ಬನ್ನಿ ಅಂತ ಬರೆದಿದ್ರಿ. ಆ ಸಿನಿಮಾನ ಯಾರೋ ಇನ್ನೂ ನೋಡ್ತಾರೆ! ಕೂತಲ್ಲಿ ಕೂರೋಕಾಗಲಿಲ್ಲ ಸಾಹೇಬ್ರೆ."

"ನಾಳೆ ಅಧ್ಯಕ್ಷರು ನನ್ನನ್ನ ಕೇಳ್ತಾರೆ" ಎಂದೆ. "ನನಗೆ ಸುಳ್ಳು ಹೇಳೋಕೆ ಬರಲ್ಲ."

"ನಿಜಾನೇ ಹೇಳ್ರಿ. ಜನದ ಮುಂದೆ ಒಂದು ಸಲ ಸತ್ತಿದ್ದೇನಲ್ಲ." ಅವನ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಆದ್ರೆ ಆ ಬಡಗಿ ಇದಾನಲ್ಲ... ಅವನಿಗೆ ಬ್ಯಾರೆ ಏನಾದ್ರೂ ಹೇಳೋಕಾಗುತ್ತಾ ನೋಡ್ರಿ."

ಸಂಕಪ್ಪನ ತಮ್ಮನ ಬಗ್ಗೆ ಹೇಳಿದ್ದು ನಿಜವೇ ಎಂದು ನಾನು ಆಗಲೇ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಪತ್ತೇದಾರಿಕೆ ನನಗೆ ಹೊಸದು.

ಸನ್ಮಾನದ ಸಂಜೆ ಮಹತಾಬ್ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಸಂಕಪ್ಪ ಮಾಡಿದ ಕುರ್ಚಿ. ಕೆತ್ತನೆಯ ಬೆನ್ನು, ಸಿಂಹದ ಮುಖದ ಕೈಹಿಡಿ. ಅದರಲ್ಲಿ ಓಬಳೇಶ ಮುದುಡಿ ಕೂತಿದ್ದ. ಪದ್ಮಾಕ್ಷಿ ಟೀಚರ್ ಪ್ರಾರ್ಥನೆ ಹಾಡಿದರು, ಪೂರ್ತಿ ಹಾಡಿದರು. ಅಧ್ಯಕ್ಷರು ಹಾರವನ್ನು ಕೈಯಲ್ಲೇ ಹಿಡಿದುಕೊಂಡು ಮೈಕಿನ ಮುಂದೆ ಬಂದರು.

"ಹಾರ ಹಾಕೋ ಮೊದಲು ಒಂದು ಮಾತು. ಸಬ್ ಇನ್ಸ್‌ಪೆಕ್ಟರ್ ತನಿಖೆ ಮಾಡಿದಾರೆ. ಈ ಮನುಷ್ಯ ಯಾರು ಅಂತ ಅವರ ಬಾಯಲ್ಲೇ ಕೇಳೋಣ."

ರಾತ್ರಿಯೆಲ್ಲ ಯೋಚಿಸಿ ನಾನೊಂದು ಮಾತು ಕಟ್ಟಿಕೊಂಡಿದ್ದೆ. "ಮಹಾಜನರೆ, ಇವರಿಲ್ಲದೆ ಆ ಸಿನಿಮಾ ಇಲ್ಲ. ಇಡೀ ಕಥೆ ನಿಂತಿರೋದು ಇವರ ಮೇಲೆ. ಇವರನ್ನ ತೆಗೆದುಬಿಟ್ಟರೆ ತರ್ಕರಾಜನಿಗೂ ಕೆಲಸ ಇಲ್ಲ, ಮಾರ್ತಾಂಡನಿಗೂ ಕೆಲಸ ಇಲ್ಲ." ಒಂದು ಅಕ್ಷರವೂ ಸುಳ್ಳಿಲ್ಲ. ಚಪ್ಪಾಳೆ ಬಿತ್ತು. ಬದುಕಿದೆ ಎಂದುಕೊಂಡು ಕೆಳಗಿಳಿಯಹೊರಟೆ.

"ಸುತ್ತಿ ಬಳಸಿ ಬೇಡ" ಎಂದರು ಅಧ್ಯಕ್ಷರು. ಅವರೂ ನಮ್ಮೂರಿನವರೇ, ಈ ಜಾಣತನ ಅವರಿಗೇನೂ ಹೊಸದಲ್ಲ. "ಮಾರ್ತಾಂಡನ ಪಾತ್ರ ಮಾಡಿದ್ದು ಇವರೇನಾ? ಹೌದೋ ಅಲ್ಲವೋ?"

ಮುಂದಿನ ಸಾಲಿನಲ್ಲಿ ಸಂಕಪ್ಪ ಇದ್ದ. ಇಸ್ತ್ರಿ ಮಾಡಿದ ಅಂಗಿ, ಗಡ್ಡ ಬೋಳಿಸಿದ ಮುಖ. ಅವನು ಕಿವಿಯನ್ನು ನನ್ನತ್ತ ತಿರುಗಿಸಿಕೊಂಡು ಕೂತಿದ್ದ.

"ಹೌದು" ಎಂದೆ.

ಅಂಥ ಬಿಕ್ಕಳಿಕೆ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಟೋಪಿ ಹಾರಿ ಕೆಳಗೆ ಬಿತ್ತು. ಮೈಕಿನಲ್ಲಿ ಬಂದದ್ದರಿಂದ ಹೊರಗೆ ಕಡಲೆಕಾಯಿ ಮಾರುವವರಿಗೂ ಕೇಳಿಸಿತು. ಅಧ್ಯಕ್ಷರು ಹಾರವನ್ನು ಮೇಜಿನ ಮೇಲಿಟ್ಟರು.

ಆಗ ಸಂಕಪ್ಪ ಎದ್ದು ನಿಂತ. "ಸಾಹೇಬ್ರು ಹೌದು ಅಂದ್ರಲ್ಲ" ಎಂದ. "ಬಿಕ್ಕಿದ್ದು ನಂಗೇನು ಕೇಳಲಿಲ್ಲ." ಅಂದು, ಬಿಕ್ಕಿದ.

ಪದ್ಮಾಕ್ಷಿ ಟೀಚರ್ ಎದ್ದರು. "ನನಗೂ ಕೇಳಲಿಲ್ಲ." ತಾರಸ್ಥಾಯಿಯಲ್ಲಿ ಬಿಕ್ಕಿದರು. ಅವರ ಹಿಂದೆ ಕವಿತೆ ಬರೆಯುವವರು, ಅವರ ಹಿಂದೆ ಅಡುಗೆ ಡಬ್ಬಿಯವರು. "ಎಲ್ಲಿ ಬಿಕ್ಕಿದ್ರು?" "ಮೈಕ್ ಸರಿ ಇಲ್ಲ." "ಮಾರ್ತಾಂಡನೇ, ಅನುಮಾನಾನೇ ಇಲ್ಲ!" ಬಿಕ್ಕಳಿಕೆ ಬಾಲ್ಕನಿಗೂ ಹತ್ತಿತು. ಕಸ್ತೂರಿ ಹೆಂಗಸರ ಸಾಲಿನಲ್ಲಿ ನಿಂತು, "ನಮ್ಮೆಜಮಾನ್ರು ಸುಳ್ಳು ಹೇಳಿದೋರೇ ಅಲ್ಲ" ಎಂದು ಕೂಗಿ ಬಿಕ್ಕಿದಳು. ಸುಳ್ಳು ಹೇಳಲು ಹೆದರಿ ಹೆದರಿ ಬಾಳಿದ ಊರು ಒಟ್ಟಿಗೆ ಹೇಳಿ ನೋಡಿತು. ರುಚಿ ಹತ್ತಿದಂತಿತ್ತು.

ವಹಾಬ್ ಸಾಹೇಬರು ಬಲು ವಿನಯದಿಂದ, "ಅಧ್ಯಕ್ಷರೆ, ತಮಗೇನಾದ್ರೂ ಕೇಳಿಸ್ತಾ?" ಎಂದರು. ಅಧ್ಯಕ್ಷರು ಕೆಳಗೆ ನೋಡಿದರು, ಬಾಲ್ಕನಿ ನೋಡಿದರು. ಬಿಕ್ಕುತ್ತಿದ್ದವರೆಲ್ಲ ಓಟು ಹಾಕುವವರು. "ನನಗೆ ಈ ನಡುವೆ ಕಿವಿ ಸ್ವಲ್ಪ ಮಂದ" ಎಂದರು. ಬಿಕ್ಕಿದರು.

ಊರು ಇಷ್ಟೆಲ್ಲ ಮಾಡಿದ ಮೇಲೆ ಓಬಳೇಶ ಎದ್ದು ಮೈಕಿನ ಮುಂದೆ ಬಂದು ಎಲ್ಲ ಕೆಡಿಸಿದ.

"ಸಾಕು ಮಾಡ್ರಪ್ಪ, ಯಾರಾದ್ರೂ ನೀರು ಕುಡೀರಿ. ನಾನು ಮಾರ್ತಾಂಡ ಅಲ್ಲ. ನಾನು ಹೆಣ."

"ಯಾವ ಹೆಣ?" ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

"ರಾಯಬಹಾದ್ದೂರರ ಹೆಣ."

"ಮೂಗು ಅಲ್ಲಾಡಿಸಿದ್ದು?"

"ನಾನೇ ಕಣಪ್ಪ."

ಮಾರ್ತಾಂಡನಿಗೆ ಎಂದೂ ಬೀಳದ ಸೀಟಿ ಆಗ ಬಿತ್ತು. "ಮಲಗಿ ತೋರಿಸ್ರಿ!" ಎಂದು ಟಾಕೀಸಿಗೆ ಟಾಕೀಸೇ ಕೂಗಿತು. ಓಬಳೇಶ ಅಧ್ಯಕ್ಷರ ಮೇಜಿನ ಮೇಲೆ, ಹಾರದ ಪಕ್ಕದಲ್ಲಿ, ಅಂಗಾತ ಮಲಗಿ ಕಣ್ಣು ಮುಚ್ಚಿದ. ಉಸಿರು ಹಿಡಿದ. ಅವನ ಎದೆ ಅಲ್ಲಾಡುತ್ತದೆಯೇ ಎಂದು ನೋಡುತ್ತಾ ಇಡೀ ಟಾಕೀಸೂ ಉಸಿರು ಹಿಡಿಯಿತು. ಅವನು ಬಿಡಲಿಲ್ಲ, ನಾವೂ ಬಿಡಲಿಲ್ಲ. ಕೊನೆಗೆ ಅವನು ಹುಸ್ಸೆಂದು ಬಿಟ್ಟಾಗ ನಾವೂ ಬಿಟ್ಟೆವು. ಎಲ್ಲರ ಬಿಕ್ಕಳಿಕೆಯೂ ನಿಂತಿತ್ತು.

ಅಧ್ಯಕ್ಷರು ಹಾರ ಹಾಕಿದರು. ಸಿನಿಮಾ ಸುಳ್ಳು ಕಲಿಸುತ್ತದೆ ಎಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕಲಿತವರಲ್ಲಿ ಅವರೂ ಒಬ್ಬರಾಗಿದ್ದರು.

ಜನ ಕರಗಿದ ಮೇಲೆ ಸಂಕಪ್ಪ ವೇದಿಕೆಯ ಹತ್ತಿರ ಬಂದ. ನಾನು ಬಿದ್ದ ಟೋಪಿಗಾಗಿ ಕುರ್ಚಿಗಳ ಕೆಳಗೆ ಹುಡುಕುತ್ತಿದ್ದೆ.

"ನೀವು ಮಾರ್ತಾಂಡ ಅಲ್ಲ" ಎಂದ.

"ಅಲ್ಲ."

"ಹಂಗಾದ್ರೆ ನಮ್ಮ ಭರಮನ ವಿಚಾರ..."

ಓಬಳೇಶ ಬಾಯಿ ತೆರೆದ. ಸಂಕಪ್ಪ ತಟ್ಟನೆ ಕೈ ಎತ್ತಿದ. "ಈಗಲೇ ಬ್ಯಾಡ್ರಿ. ಮನೇಲಿ ಅನ್ನ ಆರಿ ಹೋಗ್ತದೆ. ಉಂಡು ಮಾತಾಡೋಣ." ಅವನ ಬಟ್ಟೆಯ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಹೊರಟ. ಮುದುಕ ಹಾರ ಹಾಕಿಕೊಂಡೇ ಅವನ ಹಿಂದೆ ಹೋದ.

ಓಬಳೇಶ ವಾಪಸು ಹೋಗಲಿಲ್ಲ. ಭರಮಪ್ಪ ಬಿಟ್ಟುಹೋಗಿದ್ದ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡಿದ್ದಾನೆ. ನನ್ನ ಕೋಟು ಅವನ ಹತ್ತಿರವೇ ಇದೆ, ತೋಳು ಸಣ್ಣದು ಮಾಡಲು ಕೊಟ್ಟಿದ್ದೇನೆ. ಅದನ್ನು ಕೇಳುವ ನೆಪದಲ್ಲಿ ಒಂದು ದಿನ ಹೋದೆ. ಸಂಕಪ್ಪ ಅಂಗಳದಲ್ಲಿ ತುಟಿಗಳ ನಡುವೆ ಮೊಳೆ ಹಿಡಿದುಕೊಂಡು ಮಂಚಕ್ಕೆ ಪಟ್ಟಿ ಹೊಡೆಯುತ್ತಿದ್ದ.

"ಅವತ್ತು ಉಂಡ ಮೇಲೆ ಓಬಳೇಶ ಏನಂದ ಸಂಕಪ್ಪ? ತಮ್ಮನ್ನ ನೋಡಿದ್ದು ನಿಜಾನಾ?"

ಸಂಕಪ್ಪ ನನ್ನ ಮುಖ ನೋಡಿದ. ಬಾಯಲ್ಲಿ ಇನ್ನೂ ಎರಡು ಮೊಳೆ ಉಳಿದಿದ್ದವು. ಡಬ್ಬಿಗೆ ಕೈ ಹಾಕಿ ಇನ್ನೊಂದು ಹಿಡಿ ಮೊಳೆ ತೆಗೆದು ತುಟಿಗಳ ನಡುವೆ ತುಂಬಿಕೊಂಡು ಸುತ್ತಿಗೆ ಎತ್ತಿದ.